ಕರಗುವ ಬೇಳೆ, ಉಣ್ಣುವ ಸೂಪ್

ನಮ್ಮ ಹೋಟೆಲುಗಳಲ್ಲಿ ಸೂಪ್ ಎಂದರೆ ಊಟಕ್ಕೆ ಮುಂಚೆ ಬರುವ ಒಂದು ಪುಟ್ಟ ಬಟ್ಟಲು. ಕಾರ್ನ್‌ಫ್ಲೋರ್ ಕದಡಿ ಮಂದ ಮಾಡಿದ ನೀರು, ಅದರಲ್ಲಿ ಸಣ್ಣಗೆ ಹೆಚ್ಚಿದ ಒಂದಿಷ್ಟು ಕ್ಯಾರೆಟ್ ಮತ್ತು ಹುರುಳಿಕಾಯಿ, ಮೇಲೆ ಕಾಳುಮೆಣಸಿನ ಪುಡಿ. ಅದನ್ನು ಕುಡಿದು ಮುಗಿಸುವಷ್ಟರಲ್ಲಿ ರೊಟ್ಟಿ, ಪಲ್ಯ ಬಂದಿರುತ್ತವೆ. ಸೂಪ್ ಒಂದೇ ಒಂದು ಹೊತ್ತಿನ ಊಟವಾಗಬಲ್ಲದು ಎಂದರೆ ನಮ್ಮಲ್ಲಿ ಅನೇಕರು ನಂಬುವುದಿಲ್ಲ; ನಂಬುವಂಥ ಸೂಪ್ ಅವರ ಬಾಯಿಗೆ ಬಿದ್ದಿಲ್ಲ ಅಷ್ಟೆ. ಹೊಟ್ಟೆ ತುಂಬಿಸುವ ಸೂಪಿನ ಊರು ಉತ್ತರ ಯುರೋಪ್. ಅದರಲ್ಲೂ ನೆದರ್‌ಲ್ಯಾಂಡ್ಸ್‌ನಲ್ಲಿ ಚಳಿಗಾಲ ಕಾಲಿಟ್ಟರೆ ಮನೆಮನೆಯಲ್ಲೂ ಒಲೆಯೇರುವ ಬಟಾಣಿ ಬೇಳೆಯ ಸೂಪ್ ಈ ಬಗೆಯ ಅಡುಗೆಗೆಲ್ಲ ಹಿರಿಯಣ್ಣ ಎಂಬುದು ನನ್ನ ಅಭಿಪ್ರಾಯ.

ಡಚ್ಚರು ಅದನ್ನು ಎರ್ಟನ್‌ಸೂಪ್ ಎನ್ನುತ್ತಾರೆ, ಆಡುಮಾತಿನಲ್ಲಿ ಸ್ನರ್ಟ್. ಹಸಿರು ಬಟಾಣಿ ಬೇಳೆ, ಈರುಳ್ಳಿ, ಕ್ಯಾರೆಟ್, ಆಲೂಗಡ್ಡೆ, ಲೀಕ್, ಸೆಲರಿಯ ಗಡ್ಡೆ ಮತ್ತು ಎಲೆ ಇದರ ಸಾಮಾನು. ಸಾಂಪ್ರದಾಯಿಕವಾಗಿ ಹಂದಿಮಾಂಸವೂ ಹೊಗೆಯಾಡಿಸಿದ ಸಾಸೇಜೂ ಬೀಳುತ್ತವೆ. ಪಕ್ಕದಲ್ಲಿ ಕಪ್ಪುಬಣ್ಣದ, ಒತ್ತಾದ ರೈ ಬ್ರೆಡ್ಡು. ಸೂಪ್ ಸರಿಯಾಗಿದೆಯೇ ಎಂದು ನೋಡಲು ಅಲ್ಲಿ ಒಂದು ಹಳೆಯ ಪರೀಕ್ಷೆಯಿದೆ: ಬಟ್ಟಲಿನ ನಡುವೆ ಚಮಚ ಚುಚ್ಚಿದರೆ ಅದು ವಾಲದೆ ನಿಲ್ಲಬೇಕು. ಕಾಲುವೆ, ಕೆರೆಗಳು ಹೆಪ್ಪುಗಟ್ಟುವ ವರ್ಷಗಳಲ್ಲಿ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವವರಿಗಾಗಿ ಪುಟ್ಟ ಅಂಗಡಿಗಳು ಎದ್ದು ಈ ಸೂಪನ್ನು ಬಿಸಿಬಿಸಿಯಾಗಿ ಮಾರುತ್ತವೆ. ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಹನ್ನೊಂದು ಊರುಗಳನ್ನು ಸುತ್ತುವ ಸುಮಾರು 200 ಕಿಲೋಮೀಟರಿನ ಹೆಸರಾಂತ ಸ್ಕೇಟಿಂಗ್ ಓಟ 1909ರಲ್ಲಿ ಆರಂಭವಾಯಿತು. ಮಂಜುಗಡ್ಡೆ ಸಾಕಷ್ಟು ದಪ್ಪ ಕಟ್ಟಿದ ವರ್ಷಗಳಲ್ಲಿ ಮಾತ್ರ ಅದು ನಡೆಯುತ್ತದೆ. ಕೊನೆಯ ಬಾರಿ ನಡೆದದ್ದು 1997ರ ಜನವರಿಯಲ್ಲಿ. ಓಟ ನಿಂತು ದಶಕಗಳಾದರೂ ಸೂಪ್ ನಿಂತಿಲ್ಲ.

ಈ ಸೂಪಿನಲ್ಲಿ ಮಾಂಸವಿರುವುದು ರುಚಿಗೆ. ಮೈ ಕೊಡುವುದು ಬೇಳೆ. ಹಾಗಾಗಿ ಮಾಂಸ ಬಿಟ್ಟು ಬರೀ ತರಕಾರಿಯಲ್ಲಿ ಮಾಡಿದರೂ ಸೂಪ್ ಬಡವಾಗುವುದಿಲ್ಲ. ಆಮ್‌ಸ್ಟೆಲ್‌ವೇನ್, ಐಂದ್‌ಹೋವನ್‌ನಂಥ ಊರುಗಳಲ್ಲಿ ನೆಲೆಸಿರುವ ಸಸ್ಯಾಹಾರಿ ಕನ್ನಡಿಗರಿಗೂ, ಬೆಂಗಳೂರು, ಮಡಿಕೇರಿಯ ಡಿಸೆಂಬರ್ ಸಂಜೆಗೂ ಹೊಂದುವ ರೂಪ ಅದು. ಕ್ರೀಮ್ ಬೇಡ, ಕಾರ್ನ್‌ಫ್ಲೋರ್ ಬೇಡ, ಮಿಕ್ಸಿಯೂ ಬೇಡ. ಬೇಳೆ ತಾನಾಗಿ ಕರಗುವವರೆಗೆ ಕಾಯುವ ತಾಳ್ಮೆಯೊಂದಿದ್ದರೆ ಸಾಕು. ಆ ಕಾಯುವಿಕೆಯಲ್ಲಿ ಪಾತ್ರೆಯೊಳಗೆ ಏನು ನಡೆಯುತ್ತದೆ ಎಂಬುದು ತಿಳಿದರೆ ಅಡುಗೆ ಕೈಕೊಡುವುದೂ ತಪ್ಪುತ್ತದೆ.

ಬಟಾಣಿ ಎಂದ ಕೂಡಲೇ ನಮಗೆ ನೆನಪಾಗುವುದು ಸಿಪ್ಪೆ ಬಿಡಿಸಿದ ಹಸಿ ಕಾಳು. ಚರಿತ್ರೆ ಮಾತ್ರ ಇದರ ತಿರುವುಮುರುವು. ಪಶ್ಚಿಮ ಏಷ್ಯಾದಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಗೋಧಿ, ಬಾರ್ಲಿ, ಚನ್ನಂಗಿಗಳ ಜೊತೆಜೊತೆಗೆ ಮನುಷ್ಯ ಹೊಲಕ್ಕೆ ತಂದ ಬೆಳೆಗಳಲ್ಲಿ ಬಟಾಣಿಯೂ ಒಂದು. ಸಾವಿರಾರು ವರ್ಷ ಜನ ಅದನ್ನು ತಿಂದದ್ದು ಮುಖ್ಯವಾಗಿ ಒಣಗಿಸಿಯೇ. ಒಣಗಿಸಿದರೆ ಮುಂದಿನ ಸುಗ್ಗಿಯವರೆಗೆ ಕೆಡದು. ತರಕಾರಿ ಬೆಳೆಯದ, ಹಿಮ ಮುಚ್ಚಿದ ತಿಂಗಳುಗಳಲ್ಲಿ ಬಡವರ ಹೊಟ್ಟೆ ಕಾದದ್ದು ಈ ಕಾಳು. ಹಸಿ ಬಟಾಣಿಯನ್ನು ಹಾಗೆಯೇ ತಿನ್ನುವ ಶೋಕಿ ಹುಟ್ಟಿದ್ದು ಬಹಳ ತಡವಾಗಿ. 17ನೆಯ ಶತಮಾನದ ಫ್ರಾನ್ಸಿನಲ್ಲಿ, ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ, ಎಳೆ ಬಟಾಣಿಯ ಹುಚ್ಚು ಎಷ್ಟು ಹತ್ತಿತ್ತೆಂದರೆ ಅವನ ಪತ್ನಿ ಮದಾಮ್ ದ ಮಾಂಟೆನಾನ್ 1696ರ ತಮ್ಮ ಪತ್ರದಲ್ಲಿ ಅದನ್ನೇ ಪ್ರಸ್ತಾಪಿಸಿದ್ದಾರೆ. ಅರಮನೆಯವರು ಎಳೆಗಾಳು ಮೆಲ್ಲುವಾಗಲೂ ಹಳ್ಳಿಯವರ ಮಡಕೆಯಲ್ಲಿ ಬೇಯುತ್ತಿದ್ದದ್ದು ಒಣ ಬಟಾಣಿಯೇ.

ಫ್ರೀಜರಿನ ಹಸಿರು ಬಟಾಣಿಯಲ್ಲಿ ಈ ಸೂಪ್ ಆಗುವುದಿಲ್ಲವೇ ಎಂದು ಕೇಳುವವರುಂಟು. ಸೂಪ್ ಆಗುತ್ತದೆ, ಈ ಸೂಪ್ ಆಗುವುದಿಲ್ಲ. ಕಾರಣವನ್ನು ಗ್ರೆಗೋರ್ ಮೆಂಡೆಲ್‌ನ ತೋಟದಲ್ಲೇ ಹುಡುಕಬೇಕು. ಬ್ರ್ನೋ ನಗರದ ಮಠದಲ್ಲಿ 1856ರಿಂದ 1863ರವರೆಗೆ ಆ ಸನ್ಯಾಸಿ ಬಟಾಣಿ ಗಿಡಗಳನ್ನು ಬೆಳೆದು ಗಮನಿಸಿದ ಏಳು ಗುಣಗಳಲ್ಲಿ ಎರಡು ನಮ್ಮ ಪಾತ್ರೆಗೆ ನೇರ ಸಂಬಂಧಪಟ್ಟವು. ಮೊದಲನೆಯದು ಕಾಳು ಗುಂಡಗಿದೆಯೋ ಸುಕ್ಕುಗಟ್ಟಿದೆಯೋ ಎಂಬುದು. ಗುಂಡು ಕಾಳಿನಲ್ಲಿ ಪಿಷ್ಟ ಹೆಚ್ಚು. ಸುಕ್ಕು ಕಾಳಿನಲ್ಲಿ ಪಿಷ್ಟ ಕಟ್ಟುವ ಒಂದು ಕಿಣ್ವ ಕೆಟ್ಟಿರುತ್ತದೆ. ಹಾಗಾಗಿ ಸಕ್ಕರೆ ಉಳಿದುಕೊಳ್ಳುತ್ತದೆ, ಎಳೆಯದಿದ್ದಾಗ ನೀರನ್ನು ಹೆಚ್ಚು ಹೀರಿ ಉಬ್ಬುತ್ತದೆ, ಒಣಗಿದಾಗ ಮುದುಡುತ್ತದೆ. ಇದರ ಹಿಂದಿನ ಜೀನ್ ಯಾವುದೆಂದು ಇಂಗ್ಲೆಂಡಿನ ನಾರಿಚ್‌ನ ವಿಜ್ಞಾನಿಗಳು 1990ರಲ್ಲಿ ತೋರಿಸಿಕೊಟ್ಟರು. ಪುಲಾವಿಗೆ ಹಾಕುವ ಸಿಹಿ ಬಟಾಣಿ ಸಾಮಾನ್ಯವಾಗಿ ಸುಕ್ಕಿನ ವಂಶದ್ದು, ಒಣಗಿಸಿ ಬೇಳೆ ಮಾಡುವುದು ಗುಂಡಿನ ವಂಶದ್ದು. ಸೂಪ್ ಮಂದವಾಗುವುದೇ ಪಿಷ್ಟದಿಂದಾದ್ದರಿಂದ ಸಿಹಿ ಬಟಾಣಿ ಇಲ್ಲಿ ಸೋಲುತ್ತದೆ.

ಎರಡನೆಯ ಗುಣ ಬಣ್ಣ. ಹಳದಿ ಮತ್ತು ಹಸಿರು ಕಾಳಿನ ಗಿಡಗಳನ್ನು ಕೂಡಿಸಿ ಎರಡನೆಯ ಪೀಳಿಗೆಯಲ್ಲಿ ಮೆಂಡೆಲ್ ಎಣಿಸಿದ್ದು 8,023 ಕಾಳು; ಅದರಲ್ಲಿ 6,022 ಹಳದಿ, 2,001 ಹಸಿರು. ಬಲಿಯುವಾಗ ಎಲ್ಲ ಬಟಾಣಿಯೂ ತನ್ನ ಹಸಿರನ್ನು ಕಳೆದುಕೊಂಡು ಹಳದಿಗೆ ತಿರುಗಬೇಕು. ಪತ್ರಹರಿತ್ತನ್ನು ಒಡೆಯುವ ಕೆಲಸ ನಿಂತುಹೋದ ತಳಿಯಲ್ಲಿ ಮಾತ್ರ ಒಣಗಿದ ಮೇಲೂ ಹಸಿರು ಉಳಿಯುತ್ತದೆ. ಡಚ್ಚರ ಸೂಪಿನ ಹಸಿರು, ಸ್ವೀಡನ್ನಿನ ಸೂಪಿನ ಹಳದಿ ಎರಡೂ ಬಂದದ್ದು ಈ ಒಂದೇ ವ್ಯತ್ಯಾಸದಿಂದ. ರುಚಿಯಲ್ಲಿ ಹಸಿರು ಬೇಳೆಗೆ ಸೊಪ್ಪಿನ ಘಮ ಇಷ್ಟು ಹೆಚ್ಚು, ಹಳದಿಯದು ತುಸು ಸೌಮ್ಯ. ನನಗೆ ಹಸಿರೇ ಇಷ್ಟ. ಆದರೆ ನಮ್ಮ ಊರಿನ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಹಳದಿ, ಅದರಲ್ಲಿ ಮಾಡಿದ್ದೂ ಒಳ್ಳೆಯ ಸೂಪೇ.

ನೆದರ್‌ಲ್ಯಾಂಡ್ಸ್‌ನ ಅಂಗಡಿಗಳಲ್ಲಿ ಈ ಎರಡು ಬೇಳೆಗಳು ಬೇರೆಬೇರೆ ಚರಿತ್ರೆಗಳನ್ನು ಹೊತ್ತು ನಿಂತಿವೆ. ಹಸಿರು ಬೇಳೆ ಸ್ನರ್ಟಿನದ್ದು. ಹಳದಿಯನ್ನು ಕೊಳ್ಳುವವರಲ್ಲಿ ಸುರಿನಾಮ್ ಮೂಲದ ಭಾರತೀಯ ವಂಶದವರಿದ್ದಾರೆ. ಕಲ್ಕತ್ತೆಯಿಂದ ಹೊರಟ ಲಾಲಾ ರೂಖ್ ಹಡಗು 1873ರ ಜೂನ್‌ನಲ್ಲಿ ಕರಾರು ಕೂಲಿಗಳ ಮೊದಲ ತಂಡವನ್ನು ದಕ್ಷಿಣ ಅಮೆರಿಕದ ಆ ಡಚ್ ವಸಾಹತಿನಲ್ಲಿ ಇಳಿಸಿತು. ಬಿಹಾರ, ಅವಧ್ ಕಡೆಯ ಆ ಜನ ಕೈಗೆ ಸಿಕ್ಕ ಹಳದಿ ಬಟಾಣಿ ಬೇಳೆಯಲ್ಲೇ ತಮ್ಮ ದಾಲ್ ಮಾಡಿದರು, ಅದನ್ನೇ ಅರೆದು ಹೂರಣ ತುಂಬಿ ದಾಲ್‌ಪುರಿ ಲಟ್ಟಿಸಿದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಆಸುಪಾಸಿನಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದರು, ಬಹಳಷ್ಟು ಜನ ಹೇಗ್ ನಗರದಲ್ಲಿ ನೆಲೆಯೂರಿದರು. ಹೀಗೆ ಒಂದೇ ಕಾಳು ಅಲ್ಲಿ ಸೂಪೂ ಆಯಿತು, ಹೂರಣವೂ ಆಯಿತು.

ನಮ್ಮ ನಾಡಿಗೂ ಒಣ ಬಟಾಣಿ ಹೊರಗಿನಿಂದ ಬಹಳ ಬರುತ್ತದೆ, ಮುಖ್ಯವಾಗಿ ಕೆನಡಾ ಮತ್ತು ರಷ್ಯಾದಿಂದ. 2017ರಲ್ಲಿ ಕೇಂದ್ರ ಸರ್ಕಾರ ಇದರ ಆಮದಿಗೆ ಶೇ 50ರಷ್ಟು ಸುಂಕ ಹಾಕಿತು. ಬೇಳೆಗಳ ಬೆಲೆ ಏರಿದಾಗ 2023ರ ಡಿಸೆಂಬರಿನಲ್ಲಿ ಅದನ್ನು ತೆಗೆದುಹಾಕಿತ್ತು. ಇಲ್ಲಿಯ ಕಡಲೆ, ತೊಗರಿ ಬೆಳೆಗಾರರಿಗೆ ಇಂಥ ಸುಂಕ ತಮ್ಮ ಬೆಳೆಗೆ ಸಿಗುವ ದರದ ಪ್ರಶ್ನೆ. ಅಗ್ಗದ ಹಳದಿ ಬಟಾಣಿಯನ್ನು ಕಡಲೆಹಿಟ್ಟಿಗೆ ಬೆರೆಸುವುದೂ ಹೊಸತಲ್ಲ. ಇನ್ನು ನಾಲಗೆಗಂತೂ ಬಟಾಣಿಯ ಮಂದತನ ಪರಿಚಿತವೇ. ಬೆಂಗಳೂರು, ಮೈಸೂರಿನ ಬೀದಿಬದಿಯ ಮಸಾಲಪುರಿಯ ಗಾಡಿಯಲ್ಲಿ ಹಗಲಿಡೀ ಕುದಿಯುವ ಆ ಗ್ರೇವಿ ಒಣ ಬಟಾಣಿ ಬೆಂದು ಒಡೆದದ್ದು. ಅದನ್ನು ಮೆಚ್ಚುವವರು ಈ ಸೂಪನ್ನು ಒಲ್ಲೆ ಎನ್ನಲಾರರು.

ಅಂಗಡಿಯಲ್ಲಿ ಬಟಾಣಿ ಬೇಳೆ ಎಂದೇ ಕೇಳಿ. ಕಡಲೆಬೇಳೆಯ ಜೊತೆ ಗೊಂದಲ ಮಾಡಿಕೊಳ್ಳಬಾರದು: ಬಟಾಣಿ ಬೇಳೆ ನುಣ್ಣಗೆ, ಸರಿಯಾಗಿ ಅರ್ಧಗೋಳದ ಆಕಾರದಲ್ಲಿರುತ್ತದೆ, ಕಡಲೆಬೇಳೆಯ ಮೈ ಸ್ವಲ್ಪ ಏರಿಳಿತ, ಒಂದು ತುದಿ ಚೂಪು. ಹಸಿರು ಬೇಳೆ ಕೊಳ್ಳುವುದಾದರೆ ಮಂಕು ಹಸಿರಿನದನ್ನೇ ಆರಿಸಿ. ಕಣ್ಣು ಕುಕ್ಕುವ ಹಸಿರಿದ್ದರೆ ಒಂದು ಹಿಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಅರ್ಧ ಗಂಟೆ ಇಟ್ಟು ನೋಡಿ. ನೀರಿಗೆ ಬಣ್ಣ ಇಳಿದರೆ ಕೃತಕ ಬಣ್ಣ ಕಟ್ಟಿದ್ದಾರೆಂದೇ ಅರ್ಥ. ಮತ್ತೊಂದು ಮಾತು: ಡಬ್ಬಿಯ ತಳದಲ್ಲಿ ವರ್ಷಗಟ್ಟಲೆ ಕುಳಿತ ಬೇಳೆ ಬೇಡ. ಸೆಖೆಯಲ್ಲಿ, ತೇವದಲ್ಲಿ ಬಹಳ ಕಾಲ ಇದ್ದ ಕಾಳಿನ ಒಳಗೇ ಬದಲಾವಣೆಗಳಾಗಿ ಅದು ಬೇಯುವ ಗುಣವನ್ನು ಕಳೆದುಕೊಳ್ಳುತ್ತದೆ. ಎಷ್ಟು ಕುದಿಸಿದರೂ ನಡುವೆ ಮರಳಿನಂತೆ ಸಿಗುತ್ತದೆ.

ಬೇಳೆ ಬೇಯುವುದು ಎಂದರೆ ಎರಡು ಕೆಲಸ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಬಿಸಿನೀರಿನಲ್ಲಿ ಕರಗಿ ಕೋಶಗಳು ಬಿಡಿಬಿಡಿಯಾಗುವುದು ಒಂದು. ಒಳಗಿನ ಪಿಷ್ಟ ನೀರು ಕುಡಿದು ಉಬ್ಬುವುದು ಇನ್ನೊಂದು. ಮೊದಲನೆಯ ಕೆಲಸಕ್ಕೆ ಇಬ್ಬರು ಶತ್ರುಗಳಿದ್ದಾರೆ, ಹುಳಿ ಮತ್ತು ಸುಣ್ಣದಂಶ. ಕ್ಯಾಲ್ಸಿಯಂ ಪೆಕ್ಟಿನ್ನಿಗೆ ಕಟ್ಟುಹಾಕುತ್ತದೆ, ಹುಳಿ ಅದನ್ನು ಕರಗಗೊಡುವುದಿಲ್ಲ. ಟೊಮೆಟೊ ಮೊದಲೇ ಹಾಕಿದರೆ ಬೇಳೆ ಬೇಯದು ಎಂದು ಅಮ್ಮಂದಿರು ಹೇಳುವುದು ಇದನ್ನೇ. ಬೋರ್‌ವೆಲ್ ನೀರಿನ ಮನೆಗಳಲ್ಲಿ ತೊಗರಿಬೇಳೆಗೆ ಎರಡು ವಿಸಿಲ್ ಜಾಸ್ತಿ ಬೇಕಾಗುವುದೂ ಇದರಿಂದಲೇ. ಬಟಾಣಿ ಬೇಳೆಗೆ ಸಾಧ್ಯವಾದರೆ ಕುಡಿಯುವ ಶುದ್ಧ ನೀರನ್ನೇ ಬಳಸಿ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಥಯಾಮಿನ್ ಎಂಬ ಜೀವಸತ್ವ ಹಾಳಾಗುತ್ತದೆ, ಸ್ವಲ್ಪ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ಬೇಡ. ಉಪ್ಪಿನ ವಿಷಯದಲ್ಲಿ ಮಾತ್ರ ಹೆದರಬೇಕಿಲ್ಲ, ಮೊದಲೇ ಹಾಕಿದರೂ ಬೇಳೆ ಬೇಯುತ್ತದೆ.

ನಾಲ್ಕು ಜನರ ಊಟಕ್ಕೆ ಕಾಲು ಕಿಲೋ ಬಟಾಣಿ ಬೇಳೆ, ಒಂದೂವರೆ ಲೀಟರ್ ನೀರು. ಸಿಪ್ಪೆ ಕಳೆದು ಒಡೆದ ಬೇಳೆಯಾದ್ದರಿಂದ ನೆನೆಸುವುದು ಕಡ್ಡಾಯವಲ್ಲ. ಅರ್ಧ ಗಂಟೆ ನೆನೆಸಿ ಆ ನೀರು ಚೆಲ್ಲಿದರೆ ಹೊಟ್ಟೆ ಉಬ್ಬರಿಸುವ ಸಕ್ಕರೆಗಳು ಸ್ವಲ್ಪ ಕಡಿಮೆಯಾಗುತ್ತವೆ. ತಳ ದಪ್ಪವಿರುವ ಪಾತ್ರೆಯಲ್ಲಿ ಬೇಳೆ, ನೀರು, ಒಂದು ಬಿರಿಯಾನಿ ಎಲೆ, ಎಂಟ್ಹತ್ತು ಕಾಳುಮೆಣಸು ಹಾಕಿ ಕುದಿಗಿಡಿ. ಮೊದಲ ಕುದಿಯಲ್ಲಿ ಬೂದುಬಣ್ಣದ ನೊರೆ ಉಕ್ಕಿ ಬರುತ್ತದೆ. ಅದು ಬೇಳೆಯಿಂದ ಬಿಡುಗಡೆಯಾದ ಪ್ರೋಟೀನ್ ಮತ್ತು ಸ್ಯಾಪೋನಿನ್‌ಗಳ ನೊರೆ, ಸ್ವಲ್ಪ ಕಹಿ. ಸೌಟಿನಿಂದ ತೆಗೆದುಬಿಡಿ. ಆಮೇಲೆ ಉರಿ ತಗ್ಗಿಸಿ, ಮುಚ್ಚಳ ಓರೆಯಾಗಿಟ್ಟು ಮುಕ್ಕಾಲು ಗಂಟೆ ಬಿಡಿ. ಮೊದಲ ಅರ್ಧ ಗಂಟೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ನೀರು ತೆಳ್ಳಗೇ ಇರುತ್ತದೆ, ಬೇಳೆ ತಳದಲ್ಲಿ ಮಲಗಿರುತ್ತದೆ. ಕಾರ್ನ್‌ಫ್ಲೋರಿನ ಡಬ್ಬಿಯತ್ತ ಕೈ ಹೋಗುವುದು ಈ ಹೊತ್ತಿನಲ್ಲೇ. ತಡೆಯಿರಿ. ಅಂಚುಗಳು ಕರಗತೊಡಗಿದ ಮೇಲೆ ನೋಡನೋಡುತ್ತಲೇ ಪಾತ್ರೆಯ ಬಣ್ಣ, ಕುದಿಯುವ ಸದ್ದು ಎರಡೂ ಬದಲಾಗುತ್ತವೆ. ಸಳಸಳ ಕುದಿ ಹೋಗಿ ಗುಳುಗುಳು ಕುದಿ ಬರುತ್ತದೆ. ಇಲ್ಲಿಂದ ಮುಂದೆ ತಳ ಹತ್ತುವ ಅಪಾಯ. ಮರದ ಸೌಟಿನಲ್ಲಿ ಆಗಾಗ ತಳ ಮುಟ್ಟಿ ತಿರುವಬೇಕು. ಹತ್ತಿದರೆ ಕೆರೆಯಬೇಡಿ, ಮೇಲಿನ ಸೂಪನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಕುಕ್ಕರಿನಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ಬಟಾಣಿ ಬೇಳೆ ವಿಪರೀತ ನೊರೆ ಕಟ್ಟಿ ಆವಿ ಹೋಗುವ ನಳಿಗೆಯನ್ನು ಮುಚ್ಚಿಬಿಡಬಹುದು. ಕುಕ್ಕರ್ ಅರ್ಧಕ್ಕಿಂತ ಕಡಿಮೆ ತುಂಬಿರಲಿ, ನೊರೆ ತೆಗೆದ ಮೇಲೆಯೇ ಮುಚ್ಚಿ, ಒಂದು ಚಮಚ ಎಣ್ಣೆ ಬೀಳಲಿ, ಒತ್ತಡ ತಾನಾಗಿ ಇಳಿಯಲಿ. ಬರೀ ಬೇಳೆಯನ್ನಷ್ಟೇ ಅದರಲ್ಲಿ ಬೇಯಿಸಿ, ತರಕಾರಿಯನ್ನು ತೆರೆದ ಪಾತ್ರೆಯಲ್ಲೇ ಸೇರಿಸಿ.

ತರಕಾರಿಯದ್ದೇ ಇನ್ನೊಂದು ಲೆಕ್ಕ. ಈ ಸೂಪಿನಲ್ಲಿ ಕೆಲವು ತರಕಾರಿ ಕರಗಬೇಕು, ಕೆಲವು ಕರಗದೆ ಹಲ್ಲಿಗೆ ಸಿಗಬೇಕು. ಎಲ್ಲವನ್ನೂ ಒಟ್ಟಿಗೆ ಸುರಿದು ರುಬ್ಬಿದರೆ ಮಗುವಿಗೆ ಉಣಿಸುವ ಗಂಜಿಯಾಗುತ್ತದೆ. ಬೇಳೆ ಬೇಯುವಾಗಲೇ ಪಕ್ಕದ ಬಾಣಲೆಯಲ್ಲಿ ಎರಡು ದೊಡ್ಡ ಈರುಳ್ಳಿಯನ್ನು ಬೆಣ್ಣೆಯಲ್ಲಿ ನಿಧಾನಕ್ಕೆ, ಹೊಂಬಣ್ಣ ಬರುವವರೆಗೆ ಬಾಡಿಸಿಕೊಳ್ಳಿ. ಬೇಳೆ ಒಡೆಯತೊಡಗಿದಾಗ ಅದನ್ನೂ, ಒಂದು ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿಯೂ ಹಾಕಿ. ಇವೆರಡೂ ಕರಗುವ ಗುಂಪು. ಹತ್ತು ನಿಮಿಷ ಬಿಟ್ಟು ಎರಡು ಕ್ಯಾರೆಟ್, ಒಂದು ಸೆಲರಿ ಗಡ್ಡೆಯ ಅರ್ಧ, ಬೆರಳ ಗೆಣ್ಣಿನಷ್ಟು ದಪ್ಪ ಹೋಳುಗಳಾಗಿ. ಸೆಲರಿ ಗಡ್ಡೆ ನಮ್ಮಲ್ಲಿ ಅಪರೂಪ. ಅದರ ಬದಲು ಎರಡು ಸೆಲರಿ ದಂಟು ಮತ್ತು ಒಂದು ಎಳೆ ನವಿಲುಕೋಸು ಹಾಕಿದರೆ ದಂಟು ಘಮ ಕೊಡುತ್ತದೆ, ನವಿಲುಕೋಸು ಹೋಳು ಕೊಡುತ್ತದೆ. ನವಿಲುಕೋಸಿನ ಆ ಸಣ್ಣ ಸಿಹಿಖಾರ ಬಟಾಣಿಗೆ ಎಷ್ಟು ಒಪ್ಪುತ್ತದೆಂದರೆ ಸೆಲರಿ ಗಡ್ಡೆ ಸಿಕ್ಕಿದ ದಿನವೂ ನಾನು ಇದನ್ನು ಬಿಡುವುದಿಲ್ಲ. ಲೀಕ್ ಕೊನೆಯ ಹತ್ತು ನಿಮಿಷಕ್ಕೆ. ಅದರ ಪದರಗಳಲ್ಲಿ ಮಣ್ಣು ಅಡಗಿರುತ್ತದೆ, ಉದ್ದಕ್ಕೆ ಸೀಳಿ ತೊಳೆಯಬೇಕು. ಲೀಕ್ ಸಿಗದಿದ್ದರೆ ಈರುಳ್ಳಿ ಹೂವಿನ ಬಿಳಿ ಭಾಗ, ಹಸಿರು ಎಲೆ ಇಳಿಸುವ ಮುನ್ನ. ಒಟ್ಟು ಒಂದೂಕಾಲು ಗಂಟೆಯಲ್ಲಿ ಅಡುಗೆ ಮುಗಿಯುತ್ತದೆ, ಅದರಲ್ಲಿ ಹೆಚ್ಚಿನ ಹೊತ್ತು ಅದರ ಪಾಡಿಗೆ ಅದು ಬೇಯುತ್ತಿರುತ್ತದೆ.

ಮಾಂಸ ಬಿಟ್ಟಾಗ ಕಳೆದುಹೋಗುವುದು ಹೊಗೆಯ ವಾಸನೆ ಮತ್ತು ನಾಲಗೆಯ ಹಿಂಭಾಗದಲ್ಲಿ ಉಳಿಯುವ ಗಾಢ ರುಚಿ. ಹೊಗೆಗೆ ಒಂದು ಸರಳ ದಾರಿಯಿದೆ: ಒಂದು ಈರುಳ್ಳಿಯನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಒಲೆಯ ಉರಿಗೇ ಹಿಡಿದು ಕೊಯ್ದ ಮುಖ ಕರ್ರಗಾಗುವವರೆಗೆ ಸುಟ್ಟು, ಬೇಳೆಯ ಜೊತೆ ಮೊದಲೇ ಪಾತ್ರೆಗೆ ಬಿಡಿ, ಕೊನೆಯಲ್ಲಿ ತೆಗೆದರಾಯಿತು. ಗಾಢತೆಗೆ ಅಣಬೆ. ಒಂದು ಹಿಡಿ ಅಣಬೆಯನ್ನು ನೀರೆಲ್ಲ ಇಂಗಿ ಕಂದಾಗುವವರೆಗೆ ಹುರಿದು ಸೇರಿಸಿದರೆ ಸಸ್ಯಾಹಾರಿಗಳಿಗೆ ಏನೋ ಕೊರತೆ ಎಂಬ ಭಾವನೆ ಬರುವುದಿಲ್ಲ. ಕೊನೆಯಲ್ಲಿ ಹುಳಿ ಬೇಕು, ಆದರೆ ಕೊನೆಯಲ್ಲೇ: ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆರಸ. ಇದಿಲ್ಲದಿದ್ದರೆ ಸೂಪ್ ನಾಲಗೆಯ ಮೇಲೆ ಭಾರವಾಗಿ ಕುಳಿತುಬಿಡುತ್ತದೆ.

ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟರೆ ಹೇಗೆ ಎಂಬ ಆಸೆ ಸಹಜ. ರುಚಿಯಾಗಿಯೇ ಇರುತ್ತದೆ. ಆದರೆ ಒಗ್ಗರಣೆಯ ಘಮ ಬಿದ್ದ ಕ್ಷಣ ಅದು ಬೇಳೆ ಹುಳಿಯ ಕಡೆ ವಾಲುತ್ತದೆ. ಬಟಾಣಿ, ಸೆಲರಿ, ಲೀಕ್ ಮೂರೂ ಮೆಲುದನಿಯ ಘಮಗಳು, ಮುಚ್ಚಿಹೋಗುತ್ತವೆ. ಒಮ್ಮೆಯಾದರೂ ಒಗ್ಗರಣೆಯಿಲ್ಲದೆ ಮಾಡಿ ಉಂಡು ನೋಡಿ ಎಂದು ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಸಾಸಿವೆ ಬೇಕೇಬೇಕೆನ್ನುವವರಿಗೆ ಸ್ವೀಡನ್ನಿನ ದಾರಿಯಿದೆ. ಅಲ್ಲಿ ಹಳದಿ ಬಟಾಣಿಯ ಸೂಪಿಗೆ ಥೈಮ್, ಮಾರ್ಜೋರಮ್ ಹಾಕಿ, ಬಡಿಸುವಾಗ ಅರೆದ ಸಾಸಿವೆಯನ್ನು ತಟ್ಟೆಯ ಅಂಚಿಗೆ ಹಚ್ಚುತ್ತಾರೆ, ತುತ್ತಿಗಿಷ್ಟು ಬೆರೆಸಿಕೊಳ್ಳಬೇಕು. ಅಲ್ಲಿ ಇದು ಗುರುವಾರದ ಊಟ, ಹಿಂದೆಯೇ ಜಾಮ್ ಹಚ್ಚಿದ ಪ್ಯಾನ್‌ಕೇಕ್. ಕ್ಯಾಥೊಲಿಕ್ ಕಾಲದಲ್ಲಿ ಶುಕ್ರವಾರ ಉಪವಾಸವಿದ್ದುದರಿಂದ ಹಿಂದಿನ ದಿನ ಗಟ್ಟಿಯಾಗಿ ಉಣ್ಣುವ ವಾಡಿಕೆ ಬಂತು ಎನ್ನುತ್ತಾರೆ. ಫಿನ್‌ಲೆಂಡಿನಲ್ಲೂ ಗುರುವಾರವೇ. ಇದೇ ಸೂಪಿನಲ್ಲಿ ವಿಷವಿಕ್ಕಿ ರಾಜ ಹದಿನಾಲ್ಕನೆಯ ಎರಿಕ್‌ನನ್ನು 1577ರಲ್ಲಿ ಸೆರೆಮನೆಯಲ್ಲಿ ಕೊಂದರು ಎಂಬ ನಂಬಿಕೆ ಸ್ವೀಡನ್ನಿನಲ್ಲಿ ತಲೆಮಾರುಗಳಿಂದ ಬಂದಿದೆ. 1958ರಲ್ಲಿ ಗೋರಿ ತೆರೆದು ಪರೀಕ್ಷಿಸಿದಾಗ ಅವಶೇಷಗಳಲ್ಲಿ ಆರ್ಸೆನಿಕ್ ಸಿಕ್ಕಿದ್ದಂತೂ ನಿಜ.

ಜೊತೆಗೆ ಏನು ತಿನ್ನಬೇಕು? ಬಟಾಣಿ ಬೇಳೆಯ 100 ಗ್ರಾಮಿನಲ್ಲಿ ಸುಮಾರು 23 ಗ್ರಾಂ ಪ್ರೋಟೀನ್, 20 ಗ್ರಾಮಿಗೂ ಹೆಚ್ಚು ನಾರು ಇದೆ. ಆ ಪ್ರೋಟೀನಿನಲ್ಲಿ ಲೈಸಿನ್ ಧಾರಾಳ, ಮೆಥಿಯೊನಿನ್ ಕಡಿಮೆ. ಧಾನ್ಯಗಳಲ್ಲಿ ಇದರ ಉಲ್ಟಾ. ಡಚ್ಚರ ರೈ ಬ್ರೆಡ್ಡು ಆ ಕೊರತೆಯನ್ನು ತುಂಬುತ್ತದೆ. ನಮ್ಮ ರಾಗಿ ಮೆಥಿಯೊನಿನ್ನಿಗೆ ಹೆಸರಾದ ಧಾನ್ಯ, ಹಾಗಾಗಿ ಬಿಸಿ ರಾಗಿರೊಟ್ಟಿ ಈ ಸೂಪಿಗೆ ಪೌಷ್ಟಿಕತೆಯಲ್ಲೂ ರುಚಿಯಲ್ಲೂ ಸರಿಯಾದ ಜೋಡಿ. ಮೈದಾ ಬ್ರೆಡ್ಡಿಗಿಂತ ನೂರು ಪಾಲು ಮೇಲು.

ಇದನ್ನು ಎರಡು ದಿನಕ್ಕಾಗುವಷ್ಟು ಮಾಡುವುದೇ ಒಳ್ಳೆಯದು. ಮರುದಿನದ ಸೂಪ್ ಇನ್ನೂ ರುಚಿ ಎಂದು ಡಚ್ಚರು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಬಟಾಣಿಯ ಪಿಷ್ಟದಲ್ಲಿ ಅಮೈಲೋಸಿನ ಪಾಲು ಅಕ್ಕಿ, ಗೋಧಿಗಿಂತ ಹೆಚ್ಚು. ತಣ್ಣಗಾದಾಗ ಅದರ ಉದ್ದುದ್ದ ಸರಪಳಿಗಳು ಒಂದರ ಪಕ್ಕ ಒಂದು ಬಂದು ಬಿಗಿದುಕೊಂಡು ಇಡೀ ಪಾತ್ರೆ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿ ಕಟ್ಟುವ ಬಟಾಣಿಯನ್ನು ಹೊತ್ತೊಯ್ಯುವ ಊಟವಾಗಿಸುವ ಯೋಚನೆ ಸೈನ್ಯಗಳಿಗೆ ಹೊಳೆದಿತ್ತು. 1867ರಲ್ಲಿ ಬರ್ಲಿನ್ನಿನ ಬಾಣಸಿಗ ಗ್ರೂನೆಬೆರ್ಗ್ ಬಟಾಣಿ ಹಿಟ್ಟು, ಕೊಬ್ಬು, ಮಸಾಲೆ ಒತ್ತಿ ಮಾಡಿದ ಉಂಡೆಯನ್ನು ಬಿಸಿನೀರಿಗೆ ಹಾಕಿದರೆ ಸೂಪ್ ಆಗುತ್ತಿತ್ತು. ಫ್ರಾನ್ಸಿನ ವಿರುದ್ಧದ 1870–71ರ ಯುದ್ಧದಲ್ಲಿ ಪ್ರಷ್ಯಾದ ಸೈನಿಕರು ಇದನ್ನು ಉಂಡರು. ನಂತರ ಕ್ನೋರ್ ಕಂಪನಿ ಅದನ್ನು ತಯಾರಿಸಿತು, 2018ರ ಕೊನೆಗೆ ನಿಲ್ಲಿಸಿತು.

ಮಿಕ್ಕ ಸೂಪನ್ನು ರಾತ್ರಿಯಿಡೀ ಹೊರಗೆ ಬಿಡಬೇಡಿ. ನಮ್ಮ ಹವೆಯಲ್ಲಿ ಬೇಳೆ ಬೇಗ ಹಳಸುತ್ತದೆ. ಅಗಲ ಪಾತ್ರೆಗೆ ಹಾಕಿ ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ನಿಲ್ಲುತ್ತದೆ. ಬಿಸಿ ಮಾಡುವಾಗ ಮೊದಲೇ ಲೋಟಗಟ್ಟಲೆ ನೀರು ಸುರಿಯಬಾರದು, ಗಟ್ಟಿಯಾದ ಪಿಷ್ಟ ಬಿಸಿಯಾದಂತೆ ತಾನೇ ಸಡಿಲಾಗುತ್ತದೆ. ಅರ್ಧ ಲೋಟ ಕುದಿನೀರು, ಸಣ್ಣ ಉರಿ, ಬಿಡದೆ ತಿರುವುವ ಕೈ. ಕುದಿ ಬಂದ ಮೇಲೆ ಹದ ನೋಡಿ ಇನ್ನಷ್ಟು ನೀರು ಬೇಕೇ ಎಂದು ತೀರ್ಮಾನಿಸಿ. ಹಿಂದಿನ ದಿನದ ನಿಂಬೆಯ ಚುರುಕು ಅಷ್ಟರಲ್ಲಿ ಇಳಿದಿರುತ್ತದೆ, ಇನ್ನೆರಡು ಹನಿ ಹಿಂಡಿ, ಹೊಸದಾಗಿ ಹೆಚ್ಚಿದ ಸೆಲರಿ ಎಲೆ ಉದುರಿಸಿ ಬಡಿಸಿ.